ಕೆರೆಯ ಹೂಳಿನಲ್ಲಿ ಮಣ್ಣೆಷ್ಟು, ನೀರೆಷ್ಟು?



ಬೇಸಿಗೆ ಬಂದು ಕೆರೆಗಳ ಅಂಗಳ ಕಾಣತೊಡಗಿದರೆ ತೋಟಕ್ಕೆ ಗೋಡು ಹೊಡೆಸುವ ಕೆಲಸ ಆರಂಭವಾಗುತ್ತದೆ. ಕಾಫಿ ಬೆಳೆಯುವ ಸದಸ್ಯರು ತಮ್ಮ ತೋಟದ ಕೆರೆಯ ಹೂಳನ್ನೇ ತೆಗೆದು ಹಾಕಿಕೊಳ್ಳುತ್ತಾರೆ. ಬಯಲುಸೀಮೆಯ ಅಡಿಕೆ ಸದಸ್ಯರಾದರೋ ಬಾಡಿಗೆ ಕೊಟ್ಟು ದೂರದಿಂದ ತರಿಸಬೇಕು. ಬಾಡಿಗೆ ಟನ್ನಿನ ಲೆಕ್ಕದಲ್ಲಿದ್ದಾಗ ಹೂಳಿನ ತೇವಾಂಶ ಎಷ್ಟೆಂದು ತಿಳಿಯದಿದ್ದರೆ ನಾವು ನೀರಿಗೇ ದುಡ್ಡು ಕೊಟ್ಟಂತಾಗುತ್ತದೆ.

ಈ ಮಾತನ್ನು ನಾವು ಸ್ವಂತ ಅನುಭವದಿಂದ ಹೇಳುತ್ತಿದ್ದೇವೆ. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಯ ಒಂದು ಕೆರೆಯಿಂದ ಸದಸ್ಯರಿಗಾಗಿ ಹೂಳು ತರಿಸಲು ಕಳೆದ ಬೇಸಿಗೆಯಲ್ಲಿ ಏರ್ಪಾಡು ಮಾಡಿದೆವು. ಚಳ್ಳಕೆರೆ, ಮೊಳಕಾಲ್ಮೂರು ಎಂದರೆ ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸಿನಲ್ಲಿರುವ ಒಣ ಸೀಮೆ. ಅಂಗಳದ ಮೇಲ್ಪದರ ಬಿರುಕು ಬಿಟ್ಟು ಒಣಗಿತ್ತು. ಅಲ್ಲಿಂದ ಒಂದೇ ಒಂದು ಹಿಡಿ ಮಣ್ಣು ತಂದು ಒಣಗಿಸಿ ತೂಗಿ, ತೇವಾಂಶ ಶೇ. 14 ಎಂದು ಸದಸ್ಯರಿಗೆ ತಿಳಿಸಿದೆವು. ಅಂದರೆ ನಾಲ್ಕು ಟನ್ನಿನ ಲೋಡಿನಲ್ಲಿ 3.44 ಟನ್ ಮಣ್ಣು. ಆದರೆ ಎರಡಡಿ ಕೆಳಗೆ ಅಗೆದಾಗ ಬಂದದ್ದು ಒದ್ದೆ ಜೇಡಿ. ಆಮೇಲೆ ಸರಿಯಾಗಿ ಪರೀಕ್ಷಿಸಿದಾಗ ಸರಾಸರಿ ಶೇ. 39 ಎಂದಾಯಿತು. ಅಂದರೆ ಲೋಡಿಗೆ ಮಣ್ಣು 2.44 ಟನ್ ಮಾತ್ರ. ಪ್ರತಿ ಲೋಡಿಗೂ ಒಂದು ಟನ್ ತಪ್ಪಿದ ಲೆಕ್ಕ ನಮ್ಮದೇ. ಅದು ಮರುಕಳಿಸಬಾರದೆಂದು ಈ ಲೇಖನ.

ಮೊದಲು ಒಂದು ಗೊಂದಲ ಬಗೆಹರಿಯಬೇಕು. ಕಾಫಿಯಲ್ಲಿ ಶೇ. 10 ತೇವಾಂಶ ಎಂದರೆ ನೂರು ಕಿಲೋ ಕಾಫಿಯಲ್ಲಿ ಹತ್ತು ಕಿಲೋ ನೀರು ಎಂದೇ ನಾವು ತಿಳಿಯುತ್ತೇವೆ. ಇದು ಒದ್ದೆ ತೂಕದ ಲೆಕ್ಕ. ಮಣ್ಣಿನ ಪ್ರಯೋಗಾಲಯದವರು ನೀರಿನ ತೂಕವನ್ನು ಒಣ ಮಣ್ಣಿನ ತೂಕದಿಂದ ಭಾಗಿಸುತ್ತಾರೆ. 500 ಗ್ರಾಂ ಹೂಳಿನಲ್ಲಿ 300 ಗ್ರಾಂ ಮಣ್ಣು, 200 ಗ್ರಾಂ ನೀರು ಇದ್ದರೆ ನಮ್ಮ ಲೆಕ್ಕದಲ್ಲಿ ತೇವಾಂಶ ಶೇ. 40, ಅವರ ಲೆಕ್ಕದಲ್ಲಿ ಶೇ. 67. ಎರಡೂ ಸರಿಯೇ. ಪ್ರಯೋಗಾಲಯದ ವರದಿ ಕೈಗೆ ಬಂದಾಗ ಯಾವ ಲೆಕ್ಕವೆಂದು ಕೇಳಿ ತಿಳಿಯಿರಿ. ಈ ಲೇಖನದಲ್ಲಿ ಬಳಸಿರುವುದು ಒದ್ದೆ ತೂಕದ ಲೆಕ್ಕ.

ಖಚಿತವಾದ ಕ್ರಮವೆಂದರೆ ಮಣ್ಣನ್ನು 105ರಿಂದ 110 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ, ತೂಕ ಇನ್ನು ಇಳಿಯದು ಎನ್ನುವವರೆಗೆ ಒಣಗಿಸಿ ತೂಗುವುದು. ಸಾಮಾನ್ಯವಾಗಿ ಒಂದು ದಿನ ಹಿಡಿಯುತ್ತದೆ. ಬಿಸಿಲಿಗೆ ಒಣಗಿಸಿದರೆ ಸಾಲದೇ ಎಂದು ಕೇಳಬಹುದು. ಜೇಡಿ ಮಣ್ಣು ನೋಡಲು ಕಲ್ಲಿನಂತೆ ಒಣಗಿದ್ದರೂ ಒಳಗೆ ಸ್ವಲ್ಪ ನೀರನ್ನು ಹಿಡಿದಿಟ್ಟುಕೊಂಡೇ ಇರುತ್ತದೆ.

ಒಲೆಯಿಲ್ಲದೆ, ಒಣಗಿಸದೆ ತಿಳಿಯುವ ಉಪಾಯವೂ ಉಂಟು. ಅಗಲ ಬಾಯಿಯ ಗಾಜಿನ ಜಾಡಿಯೊಂದು, ಗ್ರಾಂ ತೋರಿಸುವ ತಕ್ಕಡಿಯೊಂದು ಇದ್ದರೆ ಸಾಕು. ಜಾಡಿಯ ತುಂಬ ಅಂಚಿನ ಮಟ್ಟಕ್ಕೆ ನೀರು ತುಂಬಿ ತೂಗಿ. 1500 ಗ್ರಾಂ ಆಯಿತೆನ್ನೋಣ. ನೀರನ್ನು ಚೆಲ್ಲಿ 500 ಗ್ರಾಂ ಹೂಳು ಹಾಕಿ, ಅರ್ಧದಷ್ಟು ನೀರು ಬೆರೆಸಿ, ಹೆಂಟೆಗಳೆಲ್ಲ ಕರಗುವಂತೆ ಕಲಕಿ ಅರ್ಧ ಗಂಟೆ ಬಿಡಿ. ಗುಳ್ಳೆಗಳೆಲ್ಲ ಹೋದ ಮೇಲೆ ಮತ್ತೆ ಅಂಚಿನವರೆಗೆ ನೀರು ತುಂಬಿ ತೂಗಿ. ಈಗ 1687 ಗ್ರಾಂ ಬಂದರೆ ಹೆಚ್ಚಾದದ್ದು 187 ಗ್ರಾಂ. ಇದನ್ನು 1.6ರಿಂದ ಗುಣಿಸಿದರೆ ಸುಮಾರು 300 ಗ್ರಾಂ. ಅದೇ ಒಣ ಮಣ್ಣಿನ ತೂಕ. ಉಳಿದ 200 ಗ್ರಾಂ ನೀರು.

ಇದರ ಗುಟ್ಟು ಸರಳ. ಹೂಳಿನೊಳಗಿನ ನೀರು ಜಾಡಿಯ ನೀರಿನೊಡನೆ ಬೆರೆತು ಲೆಕ್ಕದಿಂದ ಬಿಟ್ಟುಹೋಗುತ್ತದೆ. ಮಣ್ಣಿನ ಕಣ ಮಾತ್ರ ತನ್ನ ಗಾತ್ರದಷ್ಟು ನೀರನ್ನು ಹೊರಗೆ ತಳ್ಳಿ, ಅದಕ್ಕಿಂತ ಹೆಚ್ಚಿನ ತೂಕವನ್ನು ಸೇರಿಸುತ್ತದೆ. ಮಣ್ಣಿನ ಕಣಗಳು ಸಾಮಾನ್ಯವಾಗಿ ನೀರಿನ 2.65ರಷ್ಟು ಭಾರ. 1.6 ಎಂಬ ಅಂಕಿ ಬಂದದ್ದು ಅಲ್ಲಿಂದ. ಈ ಭಾರ 2.6 ಇರಲಿ, 2.7 ಇರಲಿ, ಉತ್ತರದಲ್ಲಿ ನಾಲ್ಕೈದು ಗ್ರಾಂ ಮಾತ್ರ ವ್ಯತ್ಯಾಸ. ಕೊಳೆತ ಎಲೆ, ಬೇರು ಹೆಚ್ಚಾಗಿದ್ದರೆ ಅಥವಾ ಗುಳ್ಳೆ ಉಳಿದಿದ್ದರೆ ತೇವಾಂಶ ನಿಜಕ್ಕಿಂತ ಹೆಚ್ಚೆಂದು ಕಾಣುತ್ತದೆ ಎಂಬುದು ನೆನಪಿರಲಿ.

ನೀರು ಇನ್ನೂ ಒಸರುತ್ತಿರುವ ಹೂಳಾದರೆ ಒಂದು ಬಕೆಟ್ಟೇ ಸಾಕು. ಬಕೆಟ್ಟಿನ ತೂಕ ಕಳೆದು, ತುಂಬ ನೀರು 15 ಕಿಲೋ, ತುಂಬ ಹೂಳು 24 ಕಿಲೋ ಬಂದರೆ ಹೂಳು ನೀರಿನ 1.6ರಷ್ಟು ಭಾರ. 1.5 ಬಂದರೆ ತೇವಾಂಶ ಸುಮಾರು ಶೇ. 46, 1.6 ಬಂದರೆ ಶೇ. 40, 1.7 ಬಂದರೆ ಶೇ. 34. ಬಿರುಕು ಬಿಟ್ಟು ಗಾಳಿ ಸೇರಿದ ಹೂಳಿಗೆ ಈ ಲೆಕ್ಕ ಹೊಂದುವುದಿಲ್ಲ.

ಇನ್ನು ಮುಖ್ಯ ಪ್ರಶ್ನೆ: ಎಷ್ಟು ಮಾದರಿ ತೆಗೆಯಬೇಕು? ಹಳ್ಳ ಬಂದು ಸೇರುವ ಕಡೆ ಮರಳು ಹೆಚ್ಚು, ಏರಿಯ ಹತ್ತಿರ ನುಣುಪು ಜೇಡಿ ಹೆಚ್ಚು. ಮೇಲೆ ಒಣ, ಕೆಳಗೆ ಒದ್ದೆ. ಒಂದೇ ಗುಂಡಿಯಿಂದ ಹತ್ತು ಹಿಡಿ ತೆಗೆದರೂ ಅದು ಒಂದೇ ಮಾದರಿಗೆ ಸಮ. ಅಗೆಯಲಿರುವ ಜಾಗದ ಬೇರೆ ಬೇರೆ ಕಡೆ, ಅಗೆಯುವ ಆಳದವರೆಗೂ ಮಣ್ಣು ತೆಗೆದು, ಆಯಾ ಗುಂಡಿಯದನ್ನು ಬೆರೆಸಿ ಒಂದು ಮಾದರಿ ಮಾಡಿ, ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿರಿ.

ನಮಗೆ ಮೊದಲ ಮೂರು ಗುಂಡಿಗಳಿಂದ ಶೇ. 34, 40, 43 ಬಂತು. ಸರಾಸರಿ 39. ಆದರೆ ಮೂರರ ಸರಾಸರಿಯನ್ನು ಎಷ್ಟು ನಂಬಬಹುದು? ಸಂಖ್ಯಾಶಾಸ್ತ್ರದ ಒಂದು ಸುಲಭ ಸೂತ್ರವಿದೆ. ಹೆಚ್ಚಿನದರಲ್ಲಿ ಕಡಿಮೆಯದನ್ನು ಕಳೆಯಿರಿ. ಇಲ್ಲಿ 9. ಮಾದರಿ ಮೂರಾದರೆ ಇದನ್ನು 1.3ರಿಂದ ಗುಣಿಸಿ ಸರಾಸರಿಗೆ ಕೂಡಿಸಿ, ಕಳೆಯಿರಿ. ಅಂದರೆ ನಿಜವಾದ ಸರಾಸರಿ 27ರಿಂದ 51ರೊಳಗೆ ಎಲ್ಲಿಯೂ ಇರಬಹುದು. ಇದರಿಂದ ಯಾವ ವ್ಯವಹಾರವೂ ಕುದುರದು. ಇನ್ನೆರಡು ಗುಂಡಿ ತೆಗೆಸಿದೆವು. 37, 41 ಬಂತು. ಸರಾಸರಿ ಅದೇ 39, ಅಂತರವೂ ಅದೇ 9. ಆದರೆ ಐದು ಮಾದರಿಗೆ ಅಂತರದ ಅರ್ಧ ಮಾತ್ರ ಕೂಡಿಸಿ ಕಳೆದರೆ ಸಾಕು. ಈಗ ಉತ್ತರ 34.5ರಿಂದ 43.5. ಇಂಥ ಲೆಕ್ಕ ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ನಿಲ್ಲುತ್ತದೆ. ಎರಡು ಗುಂಡಿಯ ಕೂಲಿಯಿಂದ ಅನುಮಾನ ಅರ್ಧಕ್ಕಿಂತಲೂ ಕಡಿಮೆಯಾಯಿತು. ಇದು ಒಟ್ಟು ಹೂಳಿನ ಸರಾಸರಿಯ ಮಾತು. ಒಂದೊಂದು ಲೋಡು ಇದರ ಆಚೆಗೂ ಹೋಗಬಹುದು.

ತೇವಾಂಶ ತಿಳಿದರೆ ಆಗುವ ಲಾಭವೇನು? ಶೇ. 39 ತೇವಾಂಶದ ಹತ್ತು ಲೋಡಿನಲ್ಲಿ ಸಿಗುವ ಮಣ್ಣು 24.4 ಟನ್. ಅದೇ ಹೂಳನ್ನು ಕೆರೆಯ ದಡದಲ್ಲಿ ತೆಳುವಾಗಿ ಹರಡಿ, ಶೇ. 15ಕ್ಕೆ ಇಳಿಸಿ ತಂದರೆ ಏಳು ಲೋಡಿಗಿಂತ ಸ್ವಲ್ಪ ಹೆಚ್ಚಿನಲ್ಲೇ ಅಷ್ಟೂ ಮಣ್ಣು ತೋಟ ಸೇರುತ್ತದೆ. ಸುಮಾರು ಮೂರು ಲೋಡಿನ ಬಾಡಿಗೆ ಉಳಿತಾಯ. ಒದ್ದೆ ಜೇಡಿಯನ್ನು ಹಾಗೆಯೇ ಅಡಿಕೆ ಬುಡಕ್ಕೆ ದಪ್ಪವಾಗಿ ಹಾಕಿದರೆ ಬೇರಿಗೆ ಗಾಳಿಯಾಡದು. ಆ ತೊಂದರೆಯೂ ತಪ್ಪುತ್ತದೆ.

ಹೂಳೆಂದರೆ ಎಲ್ಲವೂ ಮಣ್ಣಲ್ಲ ಎಂಬುದು ದೊಡ್ಡ ಜಲಾಶಯಗಳಿಗೂ ಅನ್ವಯಿಸುವ ಮಾತು. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಷ್ಟಿತ್ತು. 2016ರ ಅಳತೆಯಲ್ಲಿ ಸುಮಾರು 105.8ಕ್ಕೆ ಇಳಿದಿತ್ತು. ನಮ್ಮ ಬಕೆಟ್ಟಿನ ಲೆಕ್ಕದಂತೆ 1.6 ಭಾರದ ಒಂದು ಘನ ಮೀಟರ್ ಹೂಳಿನಲ್ಲಿ 640 ಲೀಟರ್ ನೀರು, 960 ಕಿಲೋ ಮಣ್ಣು. ಜಾಗ ತಿನ್ನುವುದು ಹೂಳು ಎನ್ನುತ್ತೇವೆ. ಆ ಜಾಗದಲ್ಲಿ ಅರ್ಧಕ್ಕೂ ಹೆಚ್ಚು ನೀರೇ ಸಿಕ್ಕಿಹಾಕಿಕೊಂಡಿರುತ್ತದೆ.

ಈ ಬೇಸಿಗೆಯಿಂದ ಸಂಘದ ಮೂಲಕ ಹೂಳು ತರಿಸುವಾಗ ಐದು ಮಾದರಿಗಿಂತ ಕಡಿಮೆಯಿದ್ದರೆ ತೇವಾಂಶ ಪ್ರಕಟಿಸುವುದಿಲ್ಲ. ಪ್ರಕಟಿಸುವಾಗ ಸರಾಸರಿಯೊಂದಿಗೆ ಅದರ ಮೇಲಿನ, ಕೆಳಗಿನ ಮಿತಿಯನ್ನೂ ಬರೆಯುತ್ತೇವೆ. ಜಾಡಿ, ತಕ್ಕಡಿ ಸಂಘದ ಕಚೇರಿಯಲ್ಲಿರುತ್ತವೆ. ಮಾದರಿ ತಂದ ಸದಸ್ಯರು ತಾವೇ ನಿಂತು ತೂಗಿಸಿಕೊಳ್ಳಬೇಕೆಂದು ವಿನಂತಿ. ಕೆರೆಯಿಂದ ಹೂಳೆತ್ತುವ ಮೊದಲು ಗ್ರಾಮ ಪಂಚಾಯತಿಯ ಅಥವಾ ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ ಪಡೆಯುವುದನ್ನು ಮರೆಯಬೇಡಿ.