ಹಾಡಿದವರು ಯಾರು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಯಕ್ಷಗಾನದ ಭಾಗವತಿಕೆ, ಹಿಂದೂಸ್ತಾನಿ ಗಾಯನ ಇಷ್ಟು ಸಲೀಸಾಗಿ ಕಿವಿಗೆ ಬಿದ್ದ ಕಾಲ ಹಿಂದೆಂದೂ ಇರಲಿಲ್ಲ. ನೆಬ್ಬೂರು ನಾರಾಯಣ ಭಾಗವತರ ಪದ್ಯ, 1990ರಲ್ಲೇ ನಮ್ಮನ್ನಗಲಿದ ಕಾಳಿಂಗ ನಾವಡರ ಕ್ಯಾಸೆಟ್ಟಿನ ತುಣುಕು, ಹಾಸಣಗಿ ಗಣಪತಿ ಭಟ್ಟರ ಖ್ಯಾಲ್, ಎಲ್ಲವೂ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿವೆ. ಕಡತದ ಹೆಸರು ನೋಡಿದರೆ ಮಾತ್ರ ‘ಎಯುಡಿ’, ಒಂದು ತಾರೀಖು, ‘ಡಬ್ಲ್ಯುಎ’, ಕೊನೆಗೆ ನಾಲ್ಕು ಅಂಕಿ. ಆ ತಾರೀಖು ವಾಟ್ಸಾಪಿಗೆ ಬಂದ ದಿನದ್ದು, ಹಾಡಿದ ದಿನದ್ದಲ್ಲ.

ಸಂಗೀತ ಪತ್ರಿಕೆಗಳ ಅವನತಿಯ ಮಾತು ಬಂದಾಗಲೆಲ್ಲ ನನ್ನನ್ನು ಕಾಡುವುದು ಹಾಡಿದವರ ಹೆಸರಿಲ್ಲದ ಈ ಕಡತಗಳೇ. ಲಂಡನ್ನಿನ ‘ಎನ್‌ಎಂಇ’ 2018ರಲ್ಲಿ ಮುದ್ರಣ ನಿಲ್ಲಿಸಿತು, ‘ಕ್ಯೂ’ 2020ರಲ್ಲಿ ಮುಚ್ಚಿತು. ಜಾಹೀರಾತು ಜಾಲತಾಣಗಳತ್ತ ಹೋಯಿತು. ಕಾರಣ ಹುಡುಕಲು ಕಷ್ಟಪಡಬೇಕಿಲ್ಲ. ಆದರೆ ಹಾಥರಸಿನ ‘ಸಂಗೀತ’ 1935ರಿಂದ, ಚೆನ್ನೈನ ‘ಶ್ರುತಿ’ 1983ರಿಂದ, ನಮ್ಮಲ್ಲಿ ಯಕ್ಷಗಾನಕ್ಕೇ ಮೀಸಲಾದ ಕಟೀಲಿನ ‘ಯಕ್ಷಪ್ರಭಾ’, ಕುಂಬಳೆಯ ‘ಕಣಿಪುರ’ ಮಾಡಿದ ಕೆಲಸ ಬೇರೆ ತೂಕದ್ದು. ಕಾಗದಕ್ಕೆ ನಾದ ಕೇಳಿಸಲು ಬಾರದು. ಯಾರು ಹಾಡಿದರು, ಮದ್ದಳೆ ಯಾರದ್ದು, ಚಂಡೆ ಯಾರದ್ದು, ಪ್ರಸಂಗ ಯಾವುದು, ಯಾವ ಊರು, ಯಾವ ರಾತ್ರಿ ಎಂಬುದನ್ನು ಅದು ಹಿಡಿದಿಡುತ್ತಿತ್ತು.

ಡಿಜಿಟಲ್ ಕಡತದಲ್ಲೂ ಈ ವಿವರಗಳಿಗೆ ಜಾಗವಿದೆ. 1996ರ ಸುಮಾರಿಗೆ ಎಂಪಿ3 ಕಡತದ ಬಾಲಕ್ಕೆ 128 ಬೈಟ್‌ಗಳ ಒಂದು ಚೀಟಿ ಅಂಟಿಸುವ ಪದ್ಧತಿ ಬಂತು. ಹಾಡಿನ ಹೆಸರಿಗೆ 30 ಬೈಟ್, ಹಾಡಿದವರಿಗೆ 30, ಆಲ್ಬಮ್ಮಿಗೆ 30, ಇಸವಿಗೆ 4, ಟಿಪ್ಪಣಿಗೆ 30. ಯುನಿಕೋಡಿನ ರೂಢಿಯ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತ ಚಿಹ್ನೆಗೂ ತಲಾ 3 ಬೈಟ್ ಬೇಕು. ‘ನೆಬ್ಬೂರು’ ಎನ್ನುವುದರೊಳಗೇ 24 ಮುಗಿಯುತ್ತವೆ. ನಡುವಿನ ಖಾಲಿ ಜಾಗಕ್ಕೆ 1, ಮುಂದಿನ ‘ನ’ಕ್ಕೆ 3. ‘ನಾರಾಯಣ’ದ ಮೊದಲ ದೀರ್ಘಕ್ಕೇ ಜಾಗ ಸಾಲದು. ಮುಂದಿನ ಆವೃತ್ತಿಗಳು ಈ ಇಕ್ಕಟ್ಟನ್ನು ಬಿಡಿಸಿದವು, ಕನ್ನಡಕ್ಕೂ ಬೇಕಾದಷ್ಟು ಜಾಗ ಕೊಟ್ಟವು. ತುಂಬುವವರು ಬೇಕಲ್ಲ! ಪತ್ರಿಕೆಯಲ್ಲಿ ಅದು ಸಂಪಾದಕರ ಹೊಣೆಯಾಗಿತ್ತು. ಮೊಬೈಲಿನಲ್ಲಿ ಯಾರ ಹೊಣೆಯೂ ಅಲ್ಲ.

ಹಾಡು ಕೇಳಿಸಿದರೆ ಹೆಸರು ಹೇಳುವ ಶಜಾಮ್ ಇದೆಯಲ್ಲ ಎನ್ನಬಹುದು. ಅದು ಧ್ವನಿಯ ಆವರ್ತನಗಳ ಚಿತ್ರ ಬಿಡಿಸಿ, ಎದ್ದು ಕಾಣುವ ಶಿಖರಗಳನ್ನಷ್ಟೇ ಆರಿಸಿ, ಅವುಗಳ ನಡುವಿನ ಕಾಲದ ಅಂತರವನ್ನು ತನ್ನ ಸಂಗ್ರಹದ ಜೊತೆ ತಾಳೆ ನೋಡುತ್ತದೆ. ಗದ್ದಲದಲ್ಲೂ ಗುರುತು ಹಿಡಿಯುವುದು ಅದರ ಶಕ್ತಿ. ಆದರೆ ಹೊಂದಬೇಕಾದ್ದು ಅದೇ ಧ್ವನಿಮುದ್ರಣ. ಅದೇ ಭಾಗವತರು ಅದೇ ಪದ್ಯವನ್ನು ಇನ್ನೊಂದು ರಾತ್ರಿ ಹೇಳಿದರೆ ಏರಿಳಿತ ಬೇರೆ, ಶಿಖರಗಳೂ ಬೇರೆ. 2011ರಲ್ಲಿ ಬಾರ್ಸಿಲೋನಾದಲ್ಲಿ ಶುರುವಾದ ‘ಕಾಂಪ್‌ಮ್ಯೂಸಿಕ್’ ಯೋಜನೆ ಕರ್ನಾಟಕ, ಹಿಂದೂಸ್ತಾನಿ ಸಂಗೀತಗಳನ್ನು ಗಣಕಕ್ಕೆ ಅರ್ಥಮಾಡಿಸಲು ಹೊರಟಾಗ ಗಾಯಕನ ಆಧಾರ ಷಡ್ಜ ಯಾವುದೆಂದು ಪತ್ತೆಮಾಡುವುದೇ ಒಂದು ದೊಡ್ಡ ಕೆಲಸವಾಯಿತು. ರಾಗ, ತಾಳ, ಕಲಾವಿದರ ವಿವರವನ್ನು ಮೊದಲು ಬಲ್ಲ ಮನುಷ್ಯರೇ ಬರೆದುಕೊಡಬೇಕಾಯಿತು. ಯಂತ್ರ ಕಲಿಯುವುದು ಆ ಬರಹದಿಂದ.

ಹಾಗೆಂದು ಪತ್ರಿಕೆಗಳ ಹಳೆಯ ಸಂಚಿಕೆಗಳು ಅಟ್ಟದ ಮೇಲೆ ಸುರಕ್ಷಿತವಾಗಿವೆ ಎಂದುಕೊಳ್ಳುವಂತಿಲ್ಲ. ಅಗ್ಗದ ಕಾಗದದಲ್ಲಿ ಉಳಿದ ಲಿಗ್ನಿನ್ ಬೆಳಕು, ಗಾಳಿ ತಾಗಿ ಹಳದಿಯಾಗುತ್ತದೆ. ಜೊತೆಗಿರುವ ಆಮ್ಲ ನಾರನ್ನು ತುಂಡರಿಸುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಶೇ 65-70 ದಾಟಿದರೆ ಬೂಷ್ಟು ಚಿಗುರುತ್ತದೆ. ಮಲೆನಾಡಿನ ಆಷಾಢದಲ್ಲಿ ತೇವಾಂಶ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಸ್ಕ್ಯಾನ್ ಮಾಡುವುದಾದರೆ ಲೇಖನಗಳಿಗಿಂತ ಮೊದಲು ಕೊನೆಯ ಪುಟಗಳ ಪ್ರದರ್ಶನ ವರದಿಗಳನ್ನು ಮಾಡಬೇಕು ಎನ್ನುತ್ತೇನೆ. ವಿಮರ್ಶೆಯನ್ನು ಮತ್ತೆ ಬರೆಯಬಹುದು, ಕಲಾವಿದರ ಪಟ್ಟಿಯನ್ನು ಊಹಿಸಿ ಬರೆಯಲಾಗದು.

1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಚೀಟಿ ಅಂಟಿಸುವವರಿಗೆ ಅದು ಯಾರ ಹಾಡೆಂದು ತಿಳಿಯಬೇಕಿತ್ತು. ತಾಳಮದ್ದಳೆಗೆ ಫೋನ್ ಹಿಡಿದು ಕೂತವರೂ ಮೊದಲ ಪದ್ಯಕ್ಕೆ ಮುಂಚೆ ಭಾಗವತರು, ಮದ್ದಳೆಯವರು, ಪ್ರಸಂಗ, ಊರು, ತಾರೀಖು ಇಷ್ಟನ್ನು ಬಾಯಲ್ಲಿ ಹೇಳಿಬಿಡಬಹುದು. ಕಡತದ ಹೆಸರು ಎಷ್ಟು ಸಲ ಬದಲಾದರೂ ಆ ಮಾತು ಧ್ವನಿಯ ಜೊತೆಗೇ ಹೋಗುತ್ತದೆ.