ಯಂತ್ರದ ಓದು ಮತ್ತು ಕನ್ನಡ ಕೈಬರಹ

ಕೈಬರಹವನ್ನು ಯಂತ್ರದಿಂದ ಓದಿಸುವ ವಿದ್ಯೆಯು ಗಣಕಶಾಸ್ತ್ರಕ್ಕೆ ಸೇರಿದುದೆಂದು ಸಾಹಿತ್ಯ ಸಂಶೋಧಕರು ಅದರಿಂದ ದೂರ ಉಳಿಯುವುದುಂಟು. ಆದರೆ ಅಕ್ಷರವನ್ನು ಗುರುತಿಸುವುದೇ ಗ್ರಂಥಸಂಪಾದನೆಯ ಮೊದಲ ಮೆಟ್ಟಿಲು. ಹೊರನಾಡಿನಲ್ಲಿದ್ದುಕೊಂಡು ಹಸ್ತಪ್ರತಿಗಳ ಛಾಯಾಪ್ರತಿಗಳನ್ನೇ ನೆಚ್ಚಬೇಕಾದ ಸಂಶೋಧಕರಿಗೆ ಈ ವಿದ್ಯೆಯ ಬಲವೂ ಮಿತಿಯೂ ತಿಳಿದಿರುವುದು ಅಗತ್ಯ.

ಯಂತ್ರದ ಓದಿನಲ್ಲಿ ಎರಡು ಬಗೆಗಳಿವೆ. ಬರೆಯುತ್ತಿರುವಾಗಲೇ ಲೇಖನಿಯ ಚಲನೆಯನ್ನು ಅನುಸರಿಸಿ ಓದುವುದು ಒಂದು. ಬೆಂಗಳೂರಿನ ಎಚ್‌ಪಿ ಪ್ರಯೋಗಾಲಯದ ಸಂಶೋಧಕರು 2006ರಲ್ಲಿ ವಿದ್ವತ್ಸಭೆಯ ಮುಂದಿಟ್ಟ 'ಲಿಪಿ ಟೂಲ್‌ಕಿಟ್' ಈ ಬಗೆಯದು. ಬರೆದು ಮುಗಿದುದರ ಚಿತ್ರವನ್ನು ಓದುವುದು ಇನ್ನೊಂದು. ಇಲ್ಲಿ ಯಾವ ಗೆರೆ ಮೊದಲು, ಯಾವುದು ಅನಂತರ ಎಂಬ ಸುಳಿವು ದೊರೆಯದು. ಹಸ್ತಪ್ರತಿಗಳಿಗೆ ಒದಗುವುದು ಈ ಎರಡನೆಯ ಬಗೆ ಮಾತ್ರ.

ಕನ್ನಡದ ತೊಡಕು ವರ್ಣಗಳ ಸಂಖ್ಯೆಯಲ್ಲಿಲ್ಲ, ಅವುಗಳ ಜೋಡಣೆಯಲ್ಲಿದೆ. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ 442 ರೂಪಗಳು. ಎರಡು ವ್ಯಂಜನಗಳ ಸಂಯುಕ್ತಾಕ್ಷರಗಳನ್ನು ಹೀಗೆಯೇ ಎಣಿಸಿದರೆ ಲೆಕ್ಕ 15,028ಕ್ಕೆ ಏರುತ್ತದೆ. ಇವುಗಳಲ್ಲಿ ಬಳಕೆಯಲ್ಲಿರುವುವು ಕೆಲವೇ ಆದರೂ ಯಂತ್ರವು ಅಕ್ಷರವನ್ನು ಇಡಿಯಾಗಿ ಕಲಿಯಲಾರದೆ ಬಿಡಿಸಿ ಓದಬೇಕಾಗುತ್ತದೆ. ಒತ್ತಕ್ಷರಗಳು ಕೆಳಗಿನ ಸಾಲನ್ನು ಮುಟ್ಟುವುದರಿಂದ ಸಾಲು ಬೇರ್ಪಡಿಸುವಲ್ಲಿಯೇ ಮೊದಲ ತಪ್ಪು ಸಂಭವಿಸಬಹುದು. ಅನುಸ್ವಾರವೂ ಸೊನ್ನೆಯೂ ಒಂದೇ ಆಕಾರದವು. ಅರ್ಕಾವೊತ್ತು ಒಂಬತ್ತರ ಅಂಕೆಯನ್ನು ಹೋಲುತ್ತದೆ, ಮೇಲಾಗಿ ಉಚ್ಚಾರಣೆಯಲ್ಲಿ ಮೊದಲು ಬರುವ ರೇಫೆಯು ಬರಹದಲ್ಲಿ ಅನಂತರ ನಿಲ್ಲುತ್ತದೆ.

ಇತರ ಭಾರತೀಯ ಲಿಪಿಗಳಿಗೂ ಇಂತಹ ತೊಡಕುಗಳುಂಟು. ಗುಜರಾತಿ ಲಿಪಿ ನಾಗರಿಗೆ ಹತ್ತಿರದ್ದಾದರೂ ಶಿರೋರೇಖೆಯನ್ನು ತೊರೆದುದರಿಂದ ನಾಗರಿಗಾಗಿ ರೂಪಿಸಿದ ಉಪಾಯಗಳು ಅದಕ್ಕೆ ನೇರವಾಗಿ ಸಲ್ಲವು. ಸೂರತ್‌ನ ವೀರ ನರ್ಮದ ದಕ್ಷಿಣ ಗುಜರಾತ್ ವಿಶ್ವವಿದ್ಯಾಲಯದ ಅಪೂರ್ವ ದೇಸಾಯಿ ಅವರು 2010ರಲ್ಲಿ ಗುಜರಾತಿ ಕೈಬರಹದ ಅಂಕೆಗಳನ್ನು ನರಜಾಲ ಪದ್ಧತಿಯಿಂದ ಓದಿಸಿದಾಗ ದೊರೆತ ಯಶಸ್ಸು ಸುಮಾರು ಶೇಕಡಾ 82.

ಕನ್ನಡ ಅಂಕೆಗಳಿಗಾಗಿ ವಿನಯ್ ಪ್ರಭು ಅವರು 2019ರಲ್ಲಿ ಪ್ರಕಟಿಸಿದ 'ಕನ್ನಡ-ಎಂನಿಸ್ಟ್' ಸಂಗ್ರಹವು ಇನ್ನೂ ಮುಖ್ಯವಾದ ಪಾಠವನ್ನು ಕಲಿಸುತ್ತದೆ. ಬೆಂಗಳೂರಿನ ಸ್ವಯಂಸೇವಕರು ಬರೆದ ಅಂಕೆಗಳಿಂದ ಕಲಿಕೆಗೆ 60,000, ಪರೀಕ್ಷೆಗೆ 10,000 ಚಿತ್ರಗಳನ್ನು ಅಣಿಗೊಳಿಸಲಾಯಿತು. ಇದರ ಜೊತೆಗೆ ಅಮೆರಿಕದಲ್ಲಿ ಬರೆಯಿಸಿದ 10,240 ಚಿತ್ರಗಳ ಪ್ರತ್ಯೇಕ ಪರೀಕ್ಷಾ ಸಂಗ್ರಹವೊಂದಿತ್ತು. ಅದನ್ನು ಬರೆದವರಲ್ಲಿ ಅನೇಕರು ಕನ್ನಡ ಅಂಕೆಗಳನ್ನು ಕಂಡುದೇ ಮೊದಲ ಬಾರಿಗೆ. ಮೊದಲ ಪರೀಕ್ಷೆಯಲ್ಲಿ ಶೇಕಡಾ 96ಕ್ಕೂ ಮಿಗಿಲಾಗಿ ಸರಿಯಾಗಿ ಓದಿದ ಯಂತ್ರವು ಎರಡನೆಯದರಲ್ಲಿ ಶೇಕಡಾ 76ರ ಆಸುಪಾಸಿಗೆ ಇಳಿಯಿತು. ಯಂತ್ರವು ತಾನು ಕಂಡ ಕೈಗಳನ್ನು ಬಲ್ಲದು, ಕಾಣದ ಕೈಗಳ ಮುಂದೆ ಎಡವುತ್ತದೆ ಎಂಬುದು ಇದರಿಂದ ಸ್ಪಷ್ಟ.

ಪ್ರಾಚೀನ ಹಸ್ತಪ್ರತಿಗಳು ಅಂತಹ ಕಾಣದ ಕೈಗಳು. ಅವುಗಳಲ್ಲಿ ಪದಗಳ ನಡುವೆ ತೆರಪಿಲ್ಲ. ಅನೇಕ ಪ್ರತಿಗಳಲ್ಲಿ ಎ-ಏ, ಒ-ಓಗಳ ಭೇದವನ್ನು ತೋರಿಸಿಲ್ಲ. ಇಂದಿನ ಬರಹದಿಂದ ಕಲಿತ ಯಂತ್ರಕ್ಕೆ ಱ, ೞಗಳ ಪರಿಚಯವೇ ಇರದು. ಅದು ಅಪರಿಚಿತವಾದುದನ್ನು ಬಿಟ್ಟುಬಿಡುವುದಿಲ್ಲ, ತನಗೆ ಗೊತ್ತಿರುವ ಸಮೀಪದ ಅಕ್ಷರವನ್ನು ಆ ಸ್ಥಾನದಲ್ಲಿ ಇರಿಸುತ್ತದೆ. ಹಳಗನ್ನಡದಲ್ಲಿ 'ಅೞಿ' ಎಂದರೆ ನಾಶವಾಗು, 'ಅಳಿ' ಎಂದರೆ ದುಂಬಿ. ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ಪ್ರತ್ಯೇಕವಾಗಿ ಚರ್ಚಿಸಿದ ೞಕಾರವು ಹೀಗೆ ಸದ್ದಿಲ್ಲದೆ ಮರೆಯಾದರೆ ಅರ್ಥ ಕೆಡುವುದಷ್ಟೇ ಅಲ್ಲ, ಪಾಠದ ಕಾಲನಿರ್ಣಯಕ್ಕೆ ನೆರವಾಗುವ ಆಧಾರವೂ ಅಳಿಸಿಹೋಗುತ್ತದೆ.

ಇದಕ್ಕೆ ಪರಿಹಾರವು ಗಣಕತಜ್ಞರ ಕೈಯಲ್ಲಿ ಮಾತ್ರ ಇಲ್ಲ. ಓಲೆಯ ಚಿತ್ರ, ಅದರ ಸಾಲುಸಾಲಿಗೂ ವಿದ್ವಾಂಸರು ಪರಿಶೀಲಿಸಿದ ಲಿಪ್ಯಂತರ, ಪ್ರತಿಕಾರನ ಕಾಲದೇಶಗಳ ವಿವರ ಇವು ಜೊತೆಗೂಡಿ ದೊರೆತಾಗಲೇ ಯಂತ್ರವು ಹಳೆಯ ಕೈಯನ್ನು ಕಲಿಯಬಲ್ಲದು. ಲಿಪ್ಯಂತರದಲ್ಲಿ ಮೂಲದ ಅಕ್ಷರವನ್ನು ಇದ್ದಂತೆಯೇ ಉಳಿಸಿ, ತಿದ್ದುಪಡಿಯನ್ನು ಬೇರೆಯಾಗಿ ದಾಖಲಿಸುವುದು ಲೇಸು. ಕಲಿಕೆಗೆ ಬಳಸಿದ ಪ್ರತಿಯನ್ನು ಪರೀಕ್ಷೆಗೂ ಬಳಸದೆ, ಬೇರೊಬ್ಬ ಪ್ರತಿಕಾರನ ಬರಹದಿಂದ ಯಂತ್ರವನ್ನು ಒರೆಗೆ ಹಚ್ಚಬೇಕು. ಪಾಠಾಂತರಗಳನ್ನು ತೂಗಿನೋಡುವ ಶಿಸ್ತು ನಮ್ಮ ಗ್ರಂಥಸಂಪಾದನೆಗೆ ಹೊಸದಲ್ಲ. ಯಂತ್ರವು ಸಿದ್ಧಪಡಿಸಿದ ಪಾಠವನ್ನೂ ಇನ್ನೊಬ್ಬ ಪ್ರತಿಕಾರನ ಪಾಠವೆಂದೇ ಎಣಿಸಿ ಅದೇ ಶಿಸ್ತಿಗೆ ಒಳಪಡಿಸುವುದು ಯುಕ್ತ.