ಆರಾಧನೆಯ ವರ್ಷ, ಕನ್ನಡದ ಮಾತು: ಗುಜರಾತಿನಲ್ಲಿ ನಮ್ಮ ಪ್ರೊಟೆಸ್ಟಂಟ್ ಬಂಧುಗಳು

ಅಹಮದಾಬಾದ್, ವಡೋದರಾ ಹಾಗೂ ಸೂರತ್ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಯುಗಾದಿ, ರಾಜ್ಯೋತ್ಸವಗಳ ಸಂದರ್ಭದಲ್ಲಿ ಒಂದೆಡೆ ಕಲೆಯುತ್ತೇವೆ. ಮಂಗಳೂರು, ಉಡುಪಿ, ಧಾರವಾಡ, ಗದಗ, ಬೀದರ್ ಕಡೆಗಳಿಂದ ಬಂದ ಪ್ರೊಟೆಸ್ಟಂಟ್ ಕ್ರೈಸ್ತ ಬಂಧುಗಳಿಗೆ ಈ ಹಬ್ಬಗಳ ಜೊತೆಗೆ ಆರಾಧನೆಯ ಇನ್ನೊಂದು ವರ್ಷವೂ ಇದೆ. ಕ್ರಿಸ್ಮಸ್ ಕೇಕನ್ನು ಸವಿದಿರುವ ನಮ್ಮಲ್ಲಿ ಅನೇಕರಿಗೆ ಆ ವರ್ಷದ ಕ್ರಮ ತಿಳಿದಿಲ್ಲ. ಅದನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಕನ್ನಡದಲ್ಲಿ ಬೇರೂರಿದ ಆರಾಧನೆ

ಕರ್ನಾಟಕದ ಪ್ರೊಟೆಸ್ಟಂಟ್ ಸಭೆಗಳ ಇತಿಹಾಸವು ಕನ್ನಡ ಮುದ್ರಣ ಹಾಗೂ ನಿಘಂಟುಗಳ ಇತಿಹಾಸದೊಡನೆ ಹೆಣೆದುಕೊಂಡಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತರುವ ಕಾರ್ಯವನ್ನು ಕೈಗೊಂಡರು. 1834ರ ಅಕ್ಟೋಬರ್ 30ರಂದು ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿನಲ್ಲಿ ಇಳಿದರು. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದರು. ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಹೊರಬಂದಿತು. ಕಿಟೆಲರು ಕ್ರಿಸ್ತನ ಚರಿತ್ರೆಯನ್ನು ದೇಸೀ ಛಂದಸ್ಸಿನಲ್ಲಿ ಹೇಳುವ 'ಕಥಾಮಾಲೆ'ಯನ್ನೂ ರಚಿಸಿದ್ದರು. ಹೀಗಾಗಿ ಈ ಸಭೆಗಳಲ್ಲಿ ಪ್ರಾರ್ಥನೆ, ಪ್ರಸಂಗ, ಹಾಡು ಎಲ್ಲವೂ ಹಲವು ತಲೆಮಾರುಗಳಿಂದ ಕನ್ನಡದಲ್ಲಿಯೇ ನಡೆದುಬಂದಿವೆ. ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿದ ಸಂಗೀತಗಳನ್ನು ಅಲ್ಲಿನ ಹಿರಿಯರು ಪುಸ್ತಕ ನೋಡದೆಯೇ ಹಾಡಬಲ್ಲರು.

ವರ್ಷದ ಸುತ್ತು

ಆರಾಧನಾ ವರ್ಷವು ಜನವರಿಯಲ್ಲಿ ಆರಂಭವಾಗುವುದಿಲ್ಲ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ 'ಆಗಮನ ಕಾಲ'ವೇ ಅದರ ಮೊದಲ ಭಾಗ. ಇದು ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರದಂದು ಪ್ರಾರಂಭವಾಗುತ್ತದೆ. ಈ ದಿನಗಳಲ್ಲಿ ಗಾಯನ ತಂಡಗಳು ಮನೆಮನೆಗೆ ತೆರಳಿ ಹಾಡುತ್ತವೆ. ಭಾನುವಾರದ ಶಾಲೆಯ ಮಕ್ಕಳು ನಾಟಕಕ್ಕೆ ಸಿದ್ಧರಾಗುತ್ತಾರೆ. ಡಿಸೆಂಬರ್ 31ರ ರಾತ್ರಿ ಸಭೆಯವರೆಲ್ಲ ದೇವಾಲಯದಲ್ಲಿ ಕಲೆತು, ಕಳೆದ ವರ್ಷಕ್ಕಾಗಿ ಸ್ತೋತ್ರ ಸಲ್ಲಿಸಿ ಹೊಸ ವರ್ಷವನ್ನು ಪ್ರಾರ್ಥನೆಯಿಂದ ಬರಮಾಡಿಕೊಳ್ಳುತ್ತಾರೆ.

ಮುಂದಿನ ಮುಖ್ಯ ಘಟ್ಟ ಲೆಂಟ್. ಇದು ಭಾನುವಾರಗಳನ್ನು ಬಿಟ್ಟು ನಲವತ್ತು ದಿನಗಳ ಉಪವಾಸ ಹಾಗೂ ಪಶ್ಚಾತ್ತಾಪದ ಕಾಲ. ಇದರ ಕೊನೆಯ ವಾರದಲ್ಲಿ ಗರಿಗಳ ಭಾನುವಾರ, ಕರ್ತನ ಭೋಜನವನ್ನು ಸ್ಮರಿಸುವ ಗುರುವಾರ ಹಾಗೂ ಶುಭ ಶುಕ್ರವಾರಗಳು ಬರುತ್ತವೆ. ಶುಭ ಶುಕ್ರವಾರ ಅನೇಕ ಸಭೆಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಕ್ರಿಸ್ತನು ಶಿಲುಬೆಯ ಮೇಲೆ ನುಡಿದ ಏಳು ಮಾತುಗಳನ್ನು ಕುರಿತು ಧ್ಯಾನ ನಡೆಯುತ್ತದೆ. ಭಾನುವಾರದ ಮುಂಜಾವಿನಲ್ಲಿ ಪುನರುತ್ಥಾನದ ಹಬ್ಬ.

ಬ್ಯಾಂಕಿನ ರಜಾಪಟ್ಟಿಯನ್ನು ವರ್ಷ ವರ್ಷವೂ ಕಾಣುವ ನಮಗೆ ಶುಭ ಶುಕ್ರವಾರವು ಪ್ರತಿ ಬಾರಿ ಸ್ಥಳ ಬದಲಿಸುವುದು ಗೊತ್ತಿದೆ. 2024ರಲ್ಲಿ ಅದು ಮಾರ್ಚ್ 29ರಂದು, 2025ರಲ್ಲಿ ಏಪ್ರಿಲ್ 18ರಂದು ಬಂದಿತು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರವೇ ಈಸ್ಟರ್ ಎಂಬ ಲೆಕ್ಕಾಚಾರವೇ ಇದಕ್ಕೆ ಕಾರಣ. ಚಂದ್ರನನ್ನು ನೋಡಿ ಹಬ್ಬದ ದಿನ ಗೊತ್ತುಮಾಡುವ ಪದ್ಧತಿ ನಮಗೆಲ್ಲರಿಗೂ ಪರಿಚಿತವೇ ಅಲ್ಲವೇ? ಈಸ್ಟರ್ ಭಾನುವಾರವನ್ನೂ ಸೇರಿಸಿ ಎಣಿಸಿದರೆ ಐವತ್ತನೆಯ ದಿನ ಪಂಚಾಶತ್ತಮ ಹಬ್ಬ, ಅಂದರೆ ಪವಿತ್ರಾತ್ಮನ ಆಗಮನದ ನೆನಪು. ಬೇಸಿಗೆಯ ರಜೆಯಲ್ಲಿ ಮಕ್ಕಳಿಗಾಗಿ ಸತ್ಯವೇದ ಶಾಲೆಯೂ ನಡೆಯುವುದುಂಟು.

ಸುಗ್ಗಿಯ ಹಬ್ಬ

ಸಭೆಯ ಜನರನ್ನು ಅತ್ಯಂತ ಸಡಗರದಿಂದ ಒಂದುಗೂಡಿಸುವುದು ಸುಗ್ಗಿಯ ಅಥವಾ ಬೆಳೆಯ ಹಬ್ಬ. ಬೆಳೆಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವ ಪದ್ಧತಿ ಪ್ರಾಚೀನವಾದರೂ, ದೇವಾಲಯದಲ್ಲಿ ಇಂದು ನಡೆಯುವ ರೂಪಕ್ಕೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಪಾದ್ರಿ ರಾಬರ್ಟ್ ಹಾಕರ್ 1843ರಲ್ಲಿ ನಡೆಸಿದ ಆರಾಧನೆಯನ್ನು ಮೂಲವೆಂದು ಹೇಳಲಾಗುತ್ತದೆ. ನಮ್ಮ ನಾಡಿನಲ್ಲಿ ಅದು ನಮ್ಮ ಮಣ್ಣಿನದೇ ಆಯಿತು. ಕರಾವಳಿಯಲ್ಲಿ ಭತ್ತದ ತೆನೆ, ತೆಂಗು, ಬಾಳೆಗೊನೆ. ಧಾರವಾಡ ಸೀಮೆಯಲ್ಲಿ ಜೋಳ, ಶೇಂಗಾ. ಹೊಲವಿಲ್ಲದವರು ಮನೆಯಲ್ಲಿ ಮಾಡಿದ ಸಿಹಿತಿಂಡಿಯನ್ನೋ ಕೋಳಿಯನ್ನೋ ತರುತ್ತಾರೆ. ಆರಾಧನೆ ಮುಗಿದ ಮೇಲೆ ಅವುಗಳನ್ನು ಹರಾಜು ಹಾಕಿ, ಬಂದ ಹಣವನ್ನು ಸಭೆಯ ಕಾರ್ಯಗಳಿಗೆ ಬಳಸಲಾಗುತ್ತದೆ. ಹತ್ತು ರೂಪಾಯಿಯ ಕುಂಬಳಕಾಯಿಗೆ ಹಲವು ಪಟ್ಟು ಬೆಲೆ ಕೂಗಿ ನಗುನಗುತ್ತಾ ಒಯ್ಯುವವರು ಕೊಳ್ಳುತ್ತಿರುವುದು ಕಾಯಿಯನ್ನಲ್ಲ ಎಂಬುದು ಎಲ್ಲರಿಗೂ ತಿಳಿದಿರುತ್ತದೆ.

ಗುಜರಾತಿಗೆ ಬಂದಾಗ

ಇಲ್ಲಿಗೆ ಬಂದ ಕನ್ನಡ ಕುಟುಂಬಕ್ಕೆ ಆರಾಧನಾ ಸ್ಥಳದ ಕೊರತೆಯಿಲ್ಲ. ಬಳ್ಳಾರಿಯಲ್ಲಿ ಕೆಲಸ ಮಾಡಿದ ಲಂಡನ್ ಮಿಷನರಿ ಸೊಸೈಟಿಯೇ 1815ರಲ್ಲಿ ಸೂರತ್‌ಗೂ ಬಂದು, ಸತ್ಯವೇದವನ್ನು ಗುಜರಾತಿಗೆ ತಂದಿತು. 1841ರಲ್ಲಿ ಐರ್ಲೆಂಡಿನ ಪ್ರೆಸ್ಬಿಟೇರಿಯನ್ ಸಭೆಯವರು ಕಾಠಿಯಾವಾಡದಲ್ಲಿ ಕಾರ್ಯಾರಂಭ ಮಾಡಿದರು. ಇಲ್ಲಿನ ಶಾಲೆಗಳ ಹೆಸರಿನಲ್ಲಿ ನಾವು ಕಾಣುವ 'ಐ.ಪಿ. ಮಿಷನ್' ಎಂಬುದರ ವಿಸ್ತಾರ ಐರಿಷ್ ಪ್ರೆಸ್ಬಿಟೇರಿಯನ್ ಮಿಷನ್ ಎಂದೇ. ಅವರ ಸಭೆಗಳು 1970ರ ನವೆಂಬರ್ 29ರಂದು ನಾಗಪುರದಲ್ಲಿ ಸ್ಥಾಪಿತವಾದ ಉತ್ತರ ಭಾರತ ಸಭೆಯಲ್ಲಿ ಸೇರಿದವು. ಅದರ ಗುಜರಾತ್ ಧರ್ಮಪ್ರಾಂತ್ಯದ ಕೇಂದ್ರ ಅಹಮದಾಬಾದ್. 1947ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಗೂ ಇದಕ್ಕೂ ಪೂರ್ಣ ಸಹಭಾಗಿತ್ವವಿರುವುದರಿಂದ ಮಂಗಳೂರಿನವರು ಇಲ್ಲಿ ಕರ್ತನ ಭೋಜನದಲ್ಲಿ ಪಾಲ್ಗೊಳ್ಳಬಹುದು. ಬೀದರ್ ಕಡೆಯ ಮೆಥಡಿಸ್ಟರಿಗೆ ವಡೋದರಾದಲ್ಲಿ ತಮ್ಮದೇ ಮೆಥಡಿಸ್ಟ್ ಸಭೆಯಿದೆ.

ಹಬ್ಬಗಳು ಅವೇ, ಕ್ರಮವೂ ಬಹುಮಟ್ಟಿಗೆ ಅದೇ. ಆದರೆ ಕ್ರಿಸ್ಮಸ್ ಇಲ್ಲಿ 'ನಾತಾಲ್' ಆಗುತ್ತದೆ. ಕನ್ನಡದ 'ಕರ್ತನು' ಇಲ್ಲಿ 'ಪ್ರಭು' ಆಗುತ್ತಾನೆ. ಹಾರ್ಮೋನಿಯಂ, ತಬಲಾಗಳೊಡನೆ ಗುಜರಾತಿ ಭಜನೆಗಳು ಕೇಳಿಬರುತ್ತವೆ. 'ಪ್ರಾರ್ಥನೆ', 'ಉಪವಾಸ', 'ಪವಿತ್ರ' ಎಂಬ ಪದಗಳು ಎರಡೂ ಭಾಷೆಗಳಿಗೆ ಸಾಮಾನ್ಯವಾದ್ದರಿಂದ ಹೊಸಬರಿಗೆ ಪ್ರಸಂಗವು ಬಹುಬೇಗ ಅರ್ಥವಾಗತೊಡಗುತ್ತದೆ.

ಅರ್ಥವಾಗುವುದು ಬೇರೆ, ಓದಿ ಹಾಡುವುದು ಬೇರೆ. ತಂದೆತಾಯಿಯರಿಗೆ ಕನ್ನಡದ ಸಂಗೀತ ಬಾಯಿಪಾಠವಿದ್ದರೂ ಗುಜರಾತಿ ಲಿಪಿ ಬಾರದು. ಇಲ್ಲಿಯೇ ಹುಟ್ಟಿ ಓದಿದ ಮಕ್ಕಳಿಗೆ ಗುಜರಾತಿ ಸುಲಲಿತ, ಆದರೆ ಕನ್ನಡದ ಅಕ್ಷರ ಬಾರದು. ಒಂದೇ ಬೆಂಚಿನಲ್ಲಿ ಕುಳಿತ ಎರಡು ತಲೆಮಾರುಗಳಲ್ಲಿ ಒಬ್ಬರ ಪುಸ್ತಕ ಇನ್ನೊಬ್ಬರಿಗೆ ತೆರೆಯದು. ಊರಿನಲ್ಲಿ ಅಜ್ಜಿಯು ಹಾಸಿಗೆ ಹಿಡಿದಾಗ ಬಳಿ ಕುಳಿತು ಅವರ ನುಡಿಯಲ್ಲಿ ಪ್ರಾರ್ಥಿಸಲು ಮೊಮ್ಮಕ್ಕಳಿಗೆ ಮಾತು ದೊರೆಯದಿದ್ದರೆ, ಆ ಕೊರತೆಯನ್ನು ತುಂಬಿಕೊಡುವವರಾರು?

ನಮ್ಮ ಕರ್ತವ್ಯ

ಇದು ಆ ಕುಟುಂಬಗಳ ಸಮಸ್ಯೆ ಮಾತ್ರವಲ್ಲ. ದಾಸರ ಪದ, ಶರಣರ ವಚನಗಳನ್ನು ಹೊರನಾಡಿನಲ್ಲಿ ಉಳಿಸಿಕೊಳ್ಳಲು ಹೆಣಗುವ ನಮ್ಮೆಲ್ಲರ ಮನೆಗಳದ್ದೂ ಹೌದು. ಗುಜರಾತಿ ಆರಾಧನೆಯನ್ನು ಬಿಡಬೇಕಾಗಿಲ್ಲ. ಅನ್ನವಿತ್ತ ನೆಲದ ನುಡಿಯನ್ನು ಗೌರವಿಸುವುದು ಯೋಗ್ಯವೇ. ಅದರೊಡನೆ ಸಂಜೆಯ ಮನೆಪ್ರಾರ್ಥನೆಯಾದರೂ ಕನ್ನಡದಲ್ಲಿ ನಡೆಯಲಿ. ಕನ್ನಡ ಸತ್ಯವೇದವು ಈಗ ಮೊಬೈಲ್ ಫೋನಿನಲ್ಲಿಯೂ ದೊರೆಯುತ್ತದೆ. ಹಿರಿಯರು ಓದಿದ್ದನ್ನು ಮಕ್ಕಳು ಬೆರಳಿಟ್ಟು ಅನುಸರಿಸಲಿ. ಕನ್ನಡ ಸಂಘಗಳು ತಮ್ಮ ಅಕ್ಷರ ತರಗತಿಗಳಿಗೆ ಈ ಮನೆಗಳ ಮಕ್ಕಳನ್ನೂ ಕರೆತರಲಿ. ಆಗಮನ ಕಾಲದ ಒಂದು ಸಂಜೆ ಸಂಘದ ವೇದಿಕೆಯಲ್ಲಿ ಅವರ ಕನ್ನಡ ಸಂಗೀತಗಳನ್ನು ಕೇಳುವ ಅವಕಾಶವನ್ನು ನಾವೂ ಪಡೆಯೋಣ. ನಮ್ಮ ನಿಘಂಟನ್ನು ಕಟ್ಟಿದ ಪರಂಪರೆಯೇ ಆ ಹಾಡುಗಳನ್ನೂ ಕೊಟ್ಟಿದೆ. ಅವು ಕನ್ನಡಿಗರೆಲ್ಲರ ಆಸ್ತಿ.